ಸಿಹಿನೀರಿನ ಪರೀಕ್ಷೆ

ಕಳೆದ ಭಾನುವಾರ ನಾನು ಎರಡು ತೆಂಗಿನಕಾಯಿ ಹಿಡಿದುಕೊಂಡು ಈಜುಕೊಳಕ್ಕೆ ಹೋದೆ.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು ಕಾಯಿಯನ್ನೂ ನೋಡಿದ, ನನ್ನನ್ನೂ ನೋಡಿದ. "ಮೇಡಂ, ಇಲ್ಲಿ ಪೂಜೆ ಗೀಜೆ ಮಾಡೋ ಹಾಗಿಲ್ಲ" ಅಂದ. "ಪೂಜೆಗಲ್ಲಪ್ಪ, ಈಜೋಕೆ" ಅಂದೆ. ಅವನು ಇನ್ನೊಮ್ಮೆ ನೋಡಿದ. ಎಪ್ಪತ್ತೆಂಟರ ಹೆಂಗಸು, ಕೈಯಲ್ಲಿ ಸಿಪ್ಪೆ ಸುಲಿಯದ ಎರಡು ಒಣಕಾಯಿ, ಈಜೋಕೆ ಅಂತ ಬೇರೆ ಹೇಳ್ತಾಳೆ. ಪಾಪ, ಅವನ ಟ್ರೇನಿಂಗಿನಲ್ಲಿ ಇದೆಲ್ಲ ಹೇಳಿಕೊಟ್ಟಿರಲಿಲ್ಲ.

ಎಲ್ಲಿ ಅಂತ ಹೇಳೋದೇ ಮರೆತೆ. ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ಮೇಲಿನ ಒಂದು ರಿಸಾರ್ಟು. ನನ್ನ ಅಣ್ಣನಿಗೆ ಎಂಬತ್ತು ತುಂಬಿತು ಅಂತ ನಾವೆಲ್ಲ ಅಲ್ಲಿ ಸೇರಿದ್ದೆವು. ಇಪ್ಪತ್ತು ಹೆಜ್ಜೆ ಆಚೆ ಇಡೀ ನದಿ ಹರೀತಿದೆ. ಈಚೆ ನೀಲಿ ಟೈಲ್ಸ್ ಹಾಕಿ ಒಂದು ಹೊಂಡ ತೋಡಿ, ಅದಕ್ಕೆ ಕ್ಲೋರಿನ್ ಸುರಿದು, ಪೂಲ್ ಅಂತ ಬೋರ್ಡ್ ಬರೆಸಿದ್ದಾರೆ. (ನದಿಗೆ ಬೋರ್ಡ್ ಇಲ್ಲ. ಅದಕ್ಕೇ ಯಾರೂ ಅದರ ಕಡೆ ನೋಡೋದಿಲ್ಲವೋ ಏನೋ.)

ಕಾಯಿ ತಂದದ್ದು ಮೊಮ್ಮಗಳು ಇಳಾಳಿಗಾಗಿ. ಮಗಳ ಮಗಳು, ಒಂಬತ್ತು ವರ್ಷ. ಹುಬ್ಬಳ್ಳಿಯಲ್ಲಿ ಮೂರು ದಿನ ಸ್ವಿಮ್ಮಿಂಗ್ ಕ್ಲಾಸಿಗೆ ಹೋಗಿ, ನಾಲ್ಕನೇ ದಿನ ಮಂಚದ ಕೆಳಗೆ ಅಡಗಿ ಕೂತವಳು. ನೀರು ಮೂಗಿಗೆ ಹೋಗ್ತದಂತೆ. ಹೋಗ್ತದೆ, ಮತ್ತೇನು ಮಾಡ್ತದೆ? ನಮ್ಮ ಮೂಗಿಗೂ ಹೋಗಿದೆ. ನಮಗೆ ಅಡಗಿ ಕೂರಲು ಪುರುಸೊತ್ತಿರಲಿಲ್ಲ, ಅಷ್ಟೆ.

ನಾನು ಕಾಯಿಗಳಿಗೆ ಹಗ್ಗ ಬಿಗಿಯುವಾಗ ಇಳಾ ಕೇಳಿದಳು: "ಅಮ್ಮಮ್ಮ, ನಿಂಗೆ ಈಜು ಕಲಿಸಿದ್ದು ಯಾರು?"

ಅಣ್ಣ ಅಲ್ಲೇ ಕುರ್ಚಿಯಲ್ಲಿ ಕೂತು ಪೇಪರ್ ಓದ್ತಿದ್ದ. ಕೊಳದಿಂದ ಸಾಕಷ್ಟು ದೂರ, ಒಂದು ಹನಿಯೂ ಸಿಡಿಯದಷ್ಟು ದೂರ. ಪ್ರಶ್ನೆ ಕೇಳಿ ಅವನು ಪೇಪರ್ ಸ್ವಲ್ಪ ಮೇಲೆತ್ತಿದ. ಮುಖ ಕಾಣದಷ್ಟು. ಅದಕ್ಕೊಂದು ಕಾರಣ ಇದೆ. ಆಮೇಲೆ ಹೇಳ್ತೇನೆ.

ಐವತ್ತರ ದಶಕ ಮುಗಿದು ಅರವತ್ತು ಕಾಲಿಡುವ ಹೊತ್ತು. ನಮ್ಮ ಮನೆ ಇದ್ದದ್ದು ಕುರ್ವೆಯಲ್ಲಿ. ಕುರ್ವೆ ಅಂದರೆ ಹೊಳೆಯ ನಡುವಿನ ನಡುಗಡ್ಡೆ. ಸುತ್ತ ಶರಾವತಿ, ಮಧ್ಯೆ ತೆಂಗಿನ ತೋಟ, ಒಂದಿಷ್ಟು ಗದ್ದೆ, ಒಂದಿಷ್ಟು ಮನೆ, ಏಳನೇ ಇಯತ್ತೆವರೆಗಿನ ಒಂದು ಶಾಲೆ. ಸೇತುವೆ ಗೀತುವೆ ಯಾವುದೂ ಇಲ್ಲ. ಉಪ್ಪು ಬೇಕೆಂದರೂ ದೋಣಿ, ಡಾಕ್ಟರು ಬೇಕೆಂದರೂ ದೋಣಿ, ಮದುವೆ ದಿಬ್ಬಣಕ್ಕೂ ದೋಣಿ. ಹೈಸ್ಕೂಲು ಆಚೆ ದಡದಲ್ಲಿ, ಹೊನ್ನಾವರದಲ್ಲಿ. ಅಣ್ಣ ಆಗಲೇ ಎರಡು ವರ್ಷದಿಂದ ದಿನವೂ ದೋಣಿ ಹತ್ತಿ ಹೋಗಿ ಬರ್ತಿದ್ದ.

ನಾನು ಮುಲ್ಕಿ ಪಾಸಾದೆ. ಏಳನೇ ಇಯತ್ತೆಯ ಪರೀಕ್ಷೆಗೆ ಆಗ ಹಾಗೆ ಅನ್ನುತ್ತಿದ್ದರು. ಕುರ್ವೆಯ ಶಾಲೆಗೆ ನಾನೇ ಮೊದಲು. (ಜಂಬ ಅಂದುಕೊಳ್ಳಬೇಡಿ. ಕೂತಿದ್ದೇ ಐದು ಜನ.) ರಿಸಲ್ಟು ಬಂದ ದಿನ ಅಪ್ಪಯ್ಯನ ಮುಂದೆ ನಿಂತು ಹೈಸ್ಕೂಲಿಗೆ ಹೋಗ್ತೆ ಅಂದೆ. ಅಪ್ಪಯ್ಯ ಅಡಿಕೆ ಕತ್ತರಿಸ್ತಿದ್ದರು. ತಲೆ ಎತ್ತಲಿಲ್ಲ.

"ಮಳೆಗಾಲದಲ್ಲಿ ಹೊಳೆ ದಾಟವು. ದೋಣಿ ಮಗುಚಿರೆ ಎಂತ ಮಾಡ್ತೆ? ಈಜು ಬತ್ತಾ ನಿಂಗೆ?"

"ಬತ್ತಿಲ್ಲೆ."

"ಮತ್ತೆ? ಈಜು ಬಾರದ್ದ ಕೂಸಿಗೆ ದೋಣಿ ಇಲ್ಲೆ."

ಎಷ್ಟು ಚೆಂದದ ಕಾರಣ, ನೋಡಿ! ಬೇಡ ಅಂತ ಹೇಳಲೇ ಇಲ್ಲ. ಹುಡುಗಿಯರಿಗೆ ಓದು ಎಂತಕ್ಕೆ ಅಂತಲೂ ಹೇಳಲಿಲ್ಲ. ನನ್ನ ಜೀವದ ಮೇಲೆ ಕಾಳಜಿ, ಅಷ್ಟೆ. ತೋಟದ ಮನೆಯ ಹೆಣ್ಣುಮಕ್ಕಳು ಹೊಳೆಯ ಅಂಚಿನಲ್ಲಿ ಕೂತು ಚೊಂಬಿನಿಂದ ಮೀಯುವವರು. ಮೊಣಕಾಲಿಗಿಂತ ಆಳದ ನೀರಿಗೆ ಇಳಿದರೆ ಬೈಗುಳ. ಹಾಗೆ ಬೈದವರೇ ಈಗ ಕೇಳ್ತಾರೆ, ಈಜು ಬರ್ತದಾ ಅಂತ. ಸಿಟ್ಟು ಬಂತು ನನಗೆ. ಈಗಲೂ ಬರ್ತದೆ, ಸುಳ್ಳು ಯಾಕೆ?

"ಕಲ್ತ್ರೆ?" ಅಂದೆ.

ಅಪ್ಪಯ್ಯನಿಗೆ ನಗು ಬಂತು. "ಕಲ್ತ್ರೆ ನೋಡನ. ನಮ್ಮ ಧಕ್ಕೆಯಿಂದ ಎದುರು ದಡಕ್ಕೆ, ಯಾರನ್ನೂ ಹಿಡಿಯದ್ದೆ ಹೋಗಿ ಮುಟ್ಟವು. ಮುಟ್ಟಿರೆ ಹೈಸ್ಕೂಲಿಗೆ ಹೆಸರು ಹಚ್ಚನ." ಧಕ್ಕೆ ಅಂದರೆ ನಮ್ಮ ಮನೆಯ ದೋಣಿ ಕಟ್ಟುವ ಕಲ್ಲುಕಟ್ಟೆ. ಎದುರು ದಡ ಅಂದರೆ ಹೊಳೆಯ ಸಣ್ಣ ಕವಲಿನ ಆಚೆ. ಸಣ್ಣ ಕವಲು ಅಂತ ಹೆಸರು. ಹದಿಮೂರು ವರ್ಷದವಳ ಕಣ್ಣಿಗೆ ಅದು ಅರಬ್ಬೀ ಸಮುದ್ರ.

ನಾನು ಅಡುಗೆಮನೆಗೆ ಬಂದು ಅತ್ತೆ. ಆಯಿ, ಅಂದರೆ ನನ್ನ ಅಮ್ಮ, ಒಲೆ ಊದ್ತಿದ್ದವಳು ಕೊಳವೆ ಕೆಳಗಿಟ್ಟಳು. "ಅಳ್ತೆ ಎಂತಕ್ಕೆ? ಅಪ್ಪಯ್ಯ 'ನೋಡನ' ಹೇಳಿದ್ರಲ್ದ? ಅಷ್ಟು ಸಾಕು" ಅಂದಳು. ಆಮೇಲೆ ಅಟ್ಟ ಹತ್ತಿ ಎಣ್ಣೆಗೆಂದು ಇಟ್ಟಿದ್ದ ಕಾಯಿರಾಶಿಯಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಪೂರ್ತಿ ಬತ್ತಿ, ಕೊಬ್ಬರಿ ಲೊಡಲೊಡ ಅನ್ನುವಂಥ ಎರಡು ಇಡೀ ಕಾಯಿ ಆರಿಸಿ ಕೊಟ್ಟಳು. ಹಸಿ ಕಾಯಿ ಭಾರ, ಒಣಕಾಯಿ ತೇಲ್ತದೆ. ನಡುವೆ ಗೇಣುದ್ದ ಹಗ್ಗ ಬಿಟ್ಟು ಎರಡನ್ನೂ ಕಟ್ಟಬೇಕು. ಹಗ್ಗದ ಮೇಲೆ ಎದೆಯಿಟ್ಟು ಮಲಗಿದರೆ ಅತ್ತ ಒಂದು ಕಾಯಿ, ಇತ್ತ ಒಂದು ಕಾಯಿ, ನಡುವೆ ನೀವು. ನಮ್ಮ ಕಡೆ ಈಜು ಕಲಿತವರೆಲ್ಲ ಹೀಗೇ ಕಲಿತದ್ದು. ಆಯಿ ಮಾತ್ರ ಜೀವಮಾನದಲ್ಲಿ ಕಲಿತವಳಲ್ಲ.

ಕಲಿಸಿದವಳು ನಾಗಿ. ನಮ್ಮ ತೋಟದ ಕೆಲಸಕ್ಕೆ ಬರ್ತಿದ್ದಳು, ನೀರು ಇಳಿದಾಗ ಹೊಳೆಗೆ ಹೋಗಿ ಚಿಪ್ಪಿ ಹೆಕ್ಕುತ್ತಿದ್ದಳು. ಅವಳ ಮನೆಯ ಹೆಣ್ಣುಮಕ್ಕಳೆಲ್ಲ ನಡೆಯೋಕೆ ಮೊದಲೇ ಈಜಿದವರು. ಅವರಿಗೆ ಯಾರೂ ಕಂಡೀಷನ್ ಹಾಕಿರಲಿಲ್ಲ. ಹೈಸ್ಕೂಲಿಗೆ ಕಳಿಸುವ ಮಾತನ್ನೂ ಯಾರೂ ಆಡಿರಲಿಲ್ಲ, ಅದು ಬೇರೆ.

ಮೊದಲ ದಿನ ನಾನು ಲಂಗ ಉಟ್ಟೇ ನೀರಿಗಿಳಿದೆ. ಲಂಗದೊಳಗೆ ಗಾಳಿ ತುಂಬಿ ನನ್ನ ಸುತ್ತ ಕೊಡೆಯ ಹಾಗೆ ಅರಳಿಕೊಂಡಿತು. ನಾಗಿ ನಕ್ಕೂ ನಕ್ಕೂ ನೀರು ಕುಡಿದಳು. "ಎಂತಾ ತಂಗಿ, ಇದ್ರಾಗೆ ಈಜೂದಲ್ಲ, ಹಾರೂದೇ ಸೈ!" ಸಂಜೆ ಅಣ್ಣ ಯಾರೂ ಇಲ್ಲದ್ದು ನೋಡಿ ತನ್ನ ಖಾಕಿ ಹಾಫ್ ಪ್ಯಾಂಟೊಂದನ್ನು ನನ್ನ ಕೈಗೆ ತುರುಕಿದ. "ಯಾನು ಕೊಟ್ಟಿದ್ದು ಹೇಳಿ ಯಾರಿಗೂ ಹೇಳಡ" ಅಂದ. ಹೇಳಲಿಲ್ಲ. ಅಣ್ಣಾ, ನಾನು ನಿನ್ನ ವಿಷಯ ಎಷ್ಟೊಂದು ಯಾರಿಗೂ ಹೇಳಿಲ್ಲ!

ಏಪ್ರಿಲ್ ಹೋಯಿತು. ಮೇ ಬಂತು. ದಿನವೂ ನೀರು ಏರುವ ಹೊತ್ತಿಗೆ ನಾನು, ನಾಗಿ, ಎರಡು ಕಾಯಿ. ದಂಡೆಯಲ್ಲಿ ಆಯಿ, ಕೈಯಲ್ಲೊಂದು ಒಣ ಸೀರೆ, ಯಾರಾದರೂ ಬಂದರೆ ನನ್ನನ್ನು ಸುತ್ತಿ ಮುಚ್ಚಲಿಕ್ಕೆ. ನಾಗಿ ಗದ್ದೆ ನೆಡುವಾಗಿನ ನಾಟಿ ಹಾಡು ಹೇಳ್ತಿದ್ದಳು. ಒಂದು ಸಾಲಿಗೆ ಬಲಗೈ, ಮುಂದಿನ ಸಾಲಿಗೆ ಎಡಗೈ, ಹಾಡು ತಿರುಗುವಲ್ಲಿ ಉಸಿರು. ಇವತ್ತಿನ ಕೋಚ್‌ಗಳು ಸೀಟಿ ಊದ್ತಾರೆ. ನನಗೆ ಇವತ್ತಿಗೂ ನೀರಿಗಿಳಿದರೆ ನಾಟಿ ಹಾಡೇ ಬಾಯಿಗೆ ಬರ್ತದೆ.

ಒಂದು ದಿನ ನಾಗಿ ಹೇಳದೆ ಕೇಳದೆ ಹಗ್ಗ ಎಳೆದುಕೊಂಡು ಬಿಟ್ಟಳು. ಕಾಯಿ ಅವಳ ಕೈಯಲ್ಲಿ, ನಾನು ನೀರಲ್ಲಿ. ಮುಳುಗಲಿಲ್ಲ! ಕಿರುಚಿದೆ, ಬೈದೆ, ಬೈಯುತ್ತಲೇ ಈಜಿದೆ. ದಂಡೆಯಲ್ಲಿ ಆಯಿ ಆ ಒಣ ಸೀರೆಯಲ್ಲೇ ಕಣ್ಣೊರೆಸಿಕೊಂಡಳು. ಮೇ ನಡುವಿನ ಹೊತ್ತಿಗೆ ಸಣ್ಣ ಕವಲನ್ನು ನಾನು ಹೋಗಿ ಬರುವಷ್ಟಾದೆ. ನೀರಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುವಷ್ಟು ಸೊಕ್ಕು ಬಂತು.

"ಅಪ್ಪಯ್ಯ, ಪರೀಕ್ಷೆ ತಗಳಿ" ಅಂದೆ.

"ನಾಳೆ" ಅಂದರು. ನಾಳೆ ಕುಮಟೆಗೆ ಹೋಗಬೇಕಾಯಿತು. ನಾಡಿದ್ದು ಭಟ್ಕಳದಲ್ಲಿ ನೆಂಟರ ಮದುವೆ. ಮೇ ತಿಂಗಳಲ್ಲಿ ನೆಂಟರಿಗೇನು ಕಮ್ಮಿ? ಒಂದು ಮದುವೆ ಮುಗಿದರೆ ಇನ್ನೊಂದು ಉಪನಯನ. ನಾನು ದಿನಾ ಕೇಳಿದೆ, ಅವರು ದಿನಾ ನಾಳೆ ಅಂದರು. ಬೇಕಂತಲೇ ಮುಂದೆ ಹಾಕಿದರೇ? ಗೊತ್ತಿಲ್ಲ. ಅಪ್ಪಯ್ಯ ಈಗಿಲ್ಲ. ಇದ್ದಾಗ ಕೇಳುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಎಡೆಬಿಡದೆ ಒಂದು ವಾರ. ಶಾಲೆ ಶುರುವಾಗಲು ಎರಡು ದಿನ ಇದೆ ಅನ್ನುವಾಗ ಮಳೆ ಒಂದು ಬೆಳಗ್ಗೆ ಬಿಡುವು ಕೊಟ್ಟಿತು. ಅಪ್ಪಯ್ಯ ಧಕ್ಕೆಗೆ ಬಂದು ನಿಂತರು. "ಹ್ಞೂಂ. ಇಳಿ."

ಇಲ್ಲಿ ನಮ್ಮದೊಂದು ದೊಡ್ಡ ತಪ್ಪಾಗಿತ್ತು. ನದಿ ಮಧ್ಯೆ ಹುಟ್ಟಿ ಬೆಳೆದ ಅಷ್ಟೂ ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನಾಗಿಗೂ ಇಲ್ಲ, ಆಯಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ.

ಬೇಸಿಗೆಯಲ್ಲಿ ನಮ್ಮ ಹೊಳೆಯೊಳಗೆ ಸಮುದ್ರ ಏರಿ ಬರ್ತದೆ. ಮೇ ತಿಂಗಳಲ್ಲಿ ನೀರು ಬಾಯಿಗೆ ಹಾಕಿದರೆ ಉಪ್ಪು, ಕಣ್ಣಿಗೆ ಬಿದ್ದರೆ ಉರಿ. ಆ ಉಪ್ಪು ನೀರು ಮನುಷ್ಯರನ್ನು ಎತ್ತಿ ಹಿಡೀತದೆ. ನಾನು ಅಂಗಾತ ಮಲಗಿ ಆಕಾಶ ನೋಡಿದ್ದರಲ್ಲಿ ನನ್ನ ಪ್ರತಾಪ ಅರ್ಧ, ಉಪ್ಪಿನದು ಅರ್ಧ. ಮಳೆ ಬಿತ್ತೋ, ಘಟ್ಟದ ನೀರು ಸಮುದ್ರವನ್ನು ಹೊರಗೆ ತಳ್ಳಿ ಹೊಳೆಯನ್ನು ಪೂರಾ ಸಿಹಿ ಮಾಡ್ತದೆ. ಮೇಲೆ ಅಣೆಕಟ್ಟು ಆಗ ಇನ್ನೂ ಮುಗಿದಿರಲಿಲ್ಲ, ಶರಾವತಿ ತನ್ನ ಪೂರ್ತಿ ಮೈಯಲ್ಲಿ ಬರುವ ಕಾಲ. ಸಿಹಿನೀರು ಹಾಗೆ ಎತ್ತಿ ಹಿಡಿಯೋದಿಲ್ಲ. ಕುರ್ವೆಯ ಸಣ್ಣ ಮಗುವಿಗೂ ಗೊತ್ತು, ಜೂನಿನಲ್ಲಿ ನೀರು ಸಿಹಿ ಅಂತ. ಆದರೆ ಅದು ಕುಡಿಯುವ ಲೆಕ್ಕದಲ್ಲಿ ಗೊತ್ತಿದ್ದದ್ದು. ಈಜುವ ಲೆಕ್ಕದಲ್ಲಿ ಯಾರು ಯೋಚನೆ ಮಾಡಿದ್ದರು?

ಅಪ್ಪಯ್ಯ ಪಕ್ಕದಲ್ಲಿ ಒಂದು ದೋಣಿಯನ್ನೂ ಹೊರಡಿಸಿದರು. ಹುಟ್ಟು ಹಾಕಲು ಅಂಬಿಗ. ದೋಣಿಯೊಳಗೆ ಅಣ್ಣ. "ಅಂಬಿಗ ದೋಣಿ ಬಿಡೋ ಹಾಂಗಿಲ್ಲೆ. ಕೂಸಿಗೆ ಎಂತಾದ್ರೂ ಆದ್ರೆ ನೀ ಹಾರು, ಮಾಣಿ" ಅಂದರು. ಅಣ್ಣ ತಲೆ ಅಲ್ಲಾಡಿಸಿದ. ಅವನ ಮುಖ ಸುಣ್ಣದ ಹಾಗಿತ್ತು. ನನ್ನ ಮೇಲಿನ ಪ್ರೀತಿ ಅಂದುಕೊಂಡೆ.

ಅರ್ಧ ದಾರಿ ಚೆನ್ನಾಗಿಯೇ ಹೋದೆ. ಮತ್ತೆ ಏನೋ ಸರಿಯಿಲ್ಲ ಅನ್ನಿಸಿತು. ಕೈ ಅಷ್ಟೇ ಬಡೀತಿದ್ದೇನೆ, ಮೈ ಮಾತ್ರ ಮೇಲೆ ಬರೋದಿಲ್ಲ. ಗಲ್ಲ ನೀರಲ್ಲಿ, ಆಮೇಲೆ ತುಟಿ ನೀರಲ್ಲಿ. ಸೆಳೆತ ಬೇರೆ ಪಕ್ಕಕ್ಕೆ ಎಳೀತಿದೆ. ಬಾಯಿ ತೆರೆದೆ, ಒಂದು ಗುಟುಕು ಒಳಗೆ ಹೋಯಿತು. ಸಿಹಿ! ಏಲಕ್ಕಿ ಹಾಕಿದ ಪಾನಕ ಕೂಡ ನನಗೆ ಅಷ್ಟು ಸಿಹಿ ಅನ್ನಿಸಿದ್ದಿಲ್ಲ, ಯಾವುದೂ ಅಷ್ಟು ಹೆದರಿಸಿದ್ದೂ ಇಲ್ಲ.

"ಅಣ್ಣಾ!" ಅಂದೆ. ಅವನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ಅಣ್ಣಾ, ಹಾರು!"

ಅವನು ಬಗ್ಗಿದ. ಹಾರುತ್ತಾನೆ ಅಂದುಕೊಂಡೆ. ಹಾರಲಿಲ್ಲ. ನನಗಷ್ಟೇ ಕೇಳುವ ಹಾಗೆ ಹೇಳಿದ: "ಯಂಗೆ ಬತ್ತಿಲ್ಲೆ, ಕೂಸೆ. ಯಂಗೆ ಈಜಲೆ ಬತ್ತಿಲ್ಲೆ."

(ಇದನ್ನು ಬರೆಯಲು ಅವನ ಪರ್ಮಿಷನ್ ತೆಗೆದುಕೊಂಡಿದ್ದೇನೆ. "ಬರಿ ಮಾರಾಯ್ತಿ, ಎಂಬತ್ತಾತು, ಇನ್ನು ಯಾರು ಎಂತ ಹೇಳ್ತ್ರು?" ಅಂದ.)

ನಂಬ್ತೀರಾ, ಅವನಿಗೆ ಈಜೇ ಬರ್ತಿರಲಿಲ್ಲ! ಎರಡು ವರ್ಷ, ದಿನಕ್ಕೆರಡು ಸಲ, ಮಳೆಯಲ್ಲಿ, ಗಾಳಿಯಲ್ಲಿ, ಆ ದೋಣಿಯಲ್ಲಿ ಕೂತು ಹೈಸ್ಕೂಲಿಗೆ ಹೋಗಿ ಬಂದವನು! ಯಾವಾಗಲೂ ನಟ್ಟನಡುವೆ ಕೂರ್ತಿದ್ದ. ಯಾಕೆ ಅಂದರೆ ಪುಸ್ತಕ ಒದ್ದೆಯಾಗ್ತದೆ ಅಂತಿದ್ದ. ಚಿಕ್ಕವನಿದ್ದಾಗ ಧಕ್ಕೆಯಿಂದ ಜಾರಿ ಬಿದ್ದು ನೀರು ಕುಡಿದಿದ್ದನಂತೆ, ಅಂದಿನಿಂದ ಹೆದರಿಕೆ. ಹೇಳಲು ನಾಚಿಕೆ. ಗಂಡು ಹುಡುಗ, ಕುರ್ವೆಯ ಹುಡುಗ, ಈಜು ಬಂದೇ ಬರ್ತದೆ ಅಂತ ಎಲ್ಲರೂ ತಿಳಿದಿದ್ದರು. ಅವನೂ ಆ ನಂಬಿಕೆಯ ಮೇಲೆಯೇ ದೋಣಿಯಲ್ಲಿ ಕೂತು ಹೋಗಿ ಬರ್ತಿದ್ದ.

ಅಂಬಿಗ ಹುಟ್ಟನ್ನು ನನ್ನ ಕಡೆ ಚಾಚಿದ. "ಹಿಡ್ಕೋ ತಂಗಿ" ಅಂದ. ಕೈಯಳತೆಯಲ್ಲಿತ್ತು. ಹಿಡಿದರೆ ಬದುಕಿದೆ. ಹಿಡಿದರೆ ಫೇಲು. ಧಕ್ಕೆಯ ಮೇಲೆ ಅಪ್ಪಯ್ಯ ನಿಂತು ನೋಡ್ತಿದ್ದಾರೆ. ಹೈಸ್ಕೂಲು, ಪುಸ್ತಕ, ಇಂಗ್ಲಿಷ್ ಕಲೀಬೇಕೆಂಬ ಆಸೆ, ಎಲ್ಲಾ ಆ ಒಂದು ಮರದ ತುಂಡಿನ ಆಚೆಯೇ ಉಳಿದುಬಿಡ್ತದೆ.

ಆಗ ಹಿಂದಿನಿಂದ ಹಾಡು ಕೇಳಿಸಿತು. ನಾಗಿ! ಸೊಂಟಮಟ್ಟದ ನೀರಿಗೆ ಇಳಿದು, ಗಂಟಲು ಹರಿಯುವ ಹಾಗೆ ನಾಟಿ ಹಾಡು ಹೇಳ್ತಿದ್ದಳು. ಅದರೊಳಗೆ ಇನ್ನೊಂದು ದನಿಯೂ ಇತ್ತು. ಆಯಿಯದು. ಆಯಿಗೆ ಆ ಹಾಡು ಗೊತ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ತಿಂಗಳುಗಟ್ಟಲೆ ದಂಡೆಯಲ್ಲಿ ನಿಂತು ಕಲಿತಿದ್ದಳು.

ಒಂದು ಸಾಲಿಗೆ ಬಲಗೈ. ಮುಂದಿನ ಸಾಲಿಗೆ ಎಡಗೈ. ಹುಟ್ಟನ್ನು ಹಿಡಿಯಲಿಲ್ಲ. ಎಷ್ಟು ಹೊತ್ತೋ, ನೆನಪಿಲ್ಲ. ಸೆಳೆತ ನನ್ನನ್ನು ಕೆಳಕ್ಕೆ ಕೊಂಡೊಯ್ದು ದಡದ ಕೆಸರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರಿನೊಳಗೆ ನೂಕಿತು. ಮೊಣಕಾಲು ಕೆತ್ತಿಹೋಯಿತು. (ಕಲೆ ಇನ್ನೂ ಇದೆ. ಇಳಾ ಮುಟ್ಟಿ ನೋಡಿದಳು.) ಬೇರು ಹಿಡಿದು ಕೆಸರಲ್ಲಿ ನಿಂತೆ. ಎದುರು ದಡವೇ ತಾನೆ? ಮುಟ್ಟಿದೆ.

ದೋಣಿಯಲ್ಲಿ ಕೂರಿಸಿಕೊಂಡು ವಾಪಸು ತಂದರು. ಅಪ್ಪಯ್ಯ ನನ್ನ ಮೊಣಕಾಲು ನೋಡಿದರು. ಅಣ್ಣನ ಖಾಕಿ ಚಡ್ಡಿಯನ್ನೂ ನೋಡಿದರು. ತಮ್ಮ ಹೆಗಲ ಮೇಲಿನ ಪಂಚೆ ತೆಗೆದು ನನ್ನ ತಲೆ ಒರೆಸಿದರು. ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

"ಆತು" ಅಂದರು. "ನಾಡ್ದು ಹೆಸರು ಹಚ್ಚಿ ಬಪ್ಪ."

ಹೆದರಿದ್ದರು, ಪಾಪ. ಅವರ ಮೇಲಿನ ಸಿಟ್ಟು ಹೋಯಿತು ಅಂತ ನಾನು ಹೇಳಲಾರೆ. ತಲೆ ಒರೆಸಿದ ಆ ಪಂಚೆಯನ್ನೂ ಮರೆಯಲಾರೆ.

ಮೊದಲ ದಿನ ದೋಣಿಯಲ್ಲಿ ಅಣ್ಣನ ಪಕ್ಕ ಕೂತೆ, ನಟ್ಟನಡುವೆ. ಮಳೆ ಹೊಡೀತಿತ್ತು, ದೋಣಿ ಓಲಾಡ್ತಿತ್ತು. ಅವನು ಕೊಡೆಯೊಳಗೆ ಪಿಸುಗುಟ್ಟಿದ: "ಇಷ್ಟು ದಿವ್ಸ ದಿನಾ ಹೆದ್ರಿಕೆ ಆಗ್ತಿತ್ತು ಕೂಸೆ. ಈಗ ಅಡ್ಡಿಲ್ಲೆ. ನೀ ಇದ್ದೆ." ಆಮೇಲಿನ ಎರಡು ವರ್ಷ ನಾನು ಹೈಸ್ಕೂಲಿಗೂ ಹೋದೆ, ಅಣ್ಣನ ಲೈಫ್ ಜಾಕೆಟ್ಟೂ ಆದೆ. ಗುಟ್ಟು ಬಿಡಲಿಲ್ಲ. ಕಲಿಸ್ತೇನೆ ಬಾ ಅಂತ ಎಷ್ಟು ಕರೆದರೂ ಅವನು ಬರಲಿಲ್ಲ.

ನನ್ನ ಮಕ್ಕಳಿಗೆ ನಾನೇ ಕಲಿಸಿದೆ. ಹುಬ್ಬಳ್ಳಿಯಿಂದ ಪ್ರತಿ ಬೇಸಿಗೆ ಕುರ್ವೆಗೆ ಕರಕೊಂಡು ಬಂದು, ಅದೇ ಧಕ್ಕೆ, ಅದೇ ಜೋಡಿ ಕಾಯಿ, ಅದೇ ಹಾಡು. ಅಷ್ಟರಲ್ಲಿ ಅಣೆಕಟ್ಟಾಗಿ ವರ್ಷವಿಡೀ ಮೇಲಿನಿಂದ ನೀರು ಬರ್ತಿತ್ತು. ಮೇ ತಿಂಗಳಲ್ಲೂ ಮೊದಲಿನ ಉಪ್ಪಿಲ್ಲ. ಒಳ್ಳೇದೇ ಆಯಿತು ಅಂದುಕೊಂಡೆ. ಎತ್ತಿ ಹಿಡಿಯುವ ನೀರಲ್ಲಿ ಕಲಿತು, ಎತ್ತಿ ಹಿಡಿಯದ ನೀರಲ್ಲಿ ಪರೀಕ್ಷೆ ಕೊಡುವುದು ಇವರಿಗೆ ಬೇಡ. ಮಗನಿಗೆ ಮೊದಲು ಕಲಿಸಿದೆ, ಆಮೇಲೆ ಮಗಳಿಗೆ. ಮಗ ಗೊಣಗಿದ, "ನಾನ್ಯಾಕೆ ಮೊದಲು?" ಅಂತ. ನಿನಗೆ ಬರ್ತದೆ ಅಂತ ಎಲ್ಲರೂ ಸುಮ್ಮನೆ ನಂಬಿಬಿಡಬಾರದಲ್ಲ, ಅದಕ್ಕೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅವನ ಸೋದರಮಾವ ಮಾತ್ರ ಧಕ್ಕೆಯ ಮೇಲೆ ಕೂತು ತಲೆ ತಗ್ಗಿಸಿ ನಕ್ಕ.

ಭಾನುವಾರ ಇಳಾಳಿಗೆ ಇಷ್ಟೂ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಹಗ್ಗದ ಮೇಲೆ ಎದೆಯಿಟ್ಟು ಕಾಲು ಬಡೀತಿದ್ದಳು. ಮೂಗಿಗೆ ನೀರು ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮ್ಯಾನೇಜರು ಮೊಬೈಲಿನಲ್ಲಿ ಫೋಟೋ ತೆಗೀತಿದ್ದ.

ಅಣ್ಣ ಪೇಪರ್ ಮಡಚಿಟ್ಟು ಎದ್ದು ಬಂದ. ಪ್ಯಾಂಟು ಮಡಚಿ ಕೊಳದ ಅಂಚಲ್ಲಿ ಕೂತು, ಪಾದ ಎರಡನ್ನೂ ನೀರಿಗೆ ಇಳಿಬಿಟ್ಟ. ಪಾದ ಮಾತ್ರ. ಎಂಬತ್ತು ವರ್ಷಕ್ಕೆ ಅದೇ ದೊಡ್ಡ ಸಾಹಸ.

ಇಳಾ ಕಾಯಿ ತಬ್ಬಿಕೊಂಡು ಕಾಲು ಬಡಿಯುತ್ತ ಅವನ ಹತ್ತಿರ ಹೋದಳು. ತಲೆಯೆತ್ತಿ ಅವನನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಅರವತ್ತೈದು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರದ ಪ್ರಶ್ನೆಯನ್ನು ಕೇಳಿಯೇ ಬಿಟ್ಟಳು:

"ಅಮ್ಮಮ್ಮ, ಮತ್ತೆ ಅಜ್ಜನ ಟೆಸ್ಟ್ ಯಾವಾಗ ಇತ್ತು?"